ಪತ್ತೇದಾರಿ ಓದಿದವರು ಪಾಪಿಗಳೆ?



ನಾನು ವಿಮರ್ಶಕನಲ್ಲ, ಕತೆಗಾರನೂ ಅಲ್ಲ. ನಿಮ್ಮ ಹಾಗೆಯೇ ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮುಗಿಸಿದವನು. ಈಗ ಹೈದರಾಬಾದಿನ ಗಚ್ಚಿಬೌಲಿಯಲ್ಲಿ, 1974ರಲ್ಲಿ ಆರಂಭವಾದ ವಿಶ್ವವಿದ್ಯಾಲಯದಲ್ಲಿ, ತೌಲನಿಕ ಸಾಹಿತ್ಯ ಓದುತ್ತಿದ್ದೇನೆ. ಪತ್ರಿಕೆಗೆ ಏನಾದರೂ ಬರಿ ಎಂದು ಸಂಪಾದಕ ಮಿತ್ರರು ಕೇಳಿದಾಗ, ಬಹಳ ದಿನದಿಂದ ಎದೆಯಲ್ಲಿ ಕೂತಿದ್ದ ಒಂದು ಮಾತನ್ನು ಹೇಳಿಬಿಡೋಣ ಅನ್ನಿಸಿತು. ಇದರಲ್ಲಿ ಸ್ವಲ್ಪ ವಾದವಿದೆ, ಸ್ವಲ್ಪ ತಪ್ಪೊಪ್ಪಿಗೆಯೂ ಇದೆ.

ಹೋದ ಮಳೆಗಾಲದ ಒಂದು ರಾತ್ರಿ ಹಾಸ್ಟೆಲಿನಲ್ಲಿ ಕರೆಂಟು ಹೋಗಿತ್ತು. ನಾಲ್ಕು ಜನ ಕಾರಿಡಾರಿನಲ್ಲಿ ಕೂತಿದ್ದೆವು. ಮಾತು ಅಲ್ಲಿ ಇಲ್ಲಿ ಸುತ್ತಿ ಕೊಲೆ ಕತೆಗಳ ಕಡೆ ಬಂತು. ವಾರಂಗಲ್ಲಿನ ಗೆಳೆಯ ಕೊಮ್ಮೂರಿ ಸಾಂಬಶಿವರಾವ್ ಅವರ ಹೆಸರು ತೆಗೆದ. ಅವರ ಪತ್ತೇದಾರ ಯುಗಂಧರ್ ಅಂದರೆ ಅವನ ತಂದೆಗೆ ಪ್ರಾಣವಂತೆ. ಹಳೇ ಊರಿನ ಉರ್ದು ಗೆಳೆಯ ಇಬ್ನೆ ಸಫಿ ಎಂದು ಶುರುಮಾಡಿದವನು ಅರ್ಧ ಗಂಟೆ ನಿಲ್ಲಿಸಲಿಲ್ಲ. ಕೇರಳದ ಹುಡುಗ ಕೋಟ್ಟಯಂ ಪುಷ್ಪನಾಥ್ ಮತ್ತು ಅವರ ಡಿಟೆಕ್ಟಿವ್ ಮಾರ್ಕ್ಸಿನ್ ಬಗ್ಗೆ ಹೇಳಿದ. ಆಮೇಲೆ ಮೂರೂ ಜನ ನನ್ನ ಕಡೆ ತಿರುಗಿ, “ನಿಮ್ಮ ಕನ್ನಡದಲ್ಲಿ ಯಾರು?” ಎಂದು ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ಆದರೂ ಬಾಯಿ ಬರಲಿಲ್ಲ. “ನಮ್ಮಲ್ಲಿ ಅಷ್ಟಾಗಿ ಇಲ್ಲ” ಎಂದುಬಿಟ್ಟೆ.

ಇದು ಶುದ್ಧ ಸುಳ್ಳು. ಯಾಕೆ ಸುಳ್ಳು ಹೇಳಿದೆ ಎಂಬುದನ್ನು ವಿವರಿಸಬೇಕಾದರೆ ನನ್ನೂರಿಗೆ ಹೋಗಬೇಕು.

ನಮ್ಮದು ಸೇಡಂ. ನೃಪತುಂಗನ ಮಳಖೇಡ ನಮ್ಮ ತಾಲ್ಲೂಕಿನದೇ. ಕವಿರಾಜಮಾರ್ಗದ ನೆಲ ಎಂದು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ನಿಜಾಮನ ಕಾಲದಲ್ಲಿ ಅದೇ ನೆಲದಲ್ಲಿ ಮೇಲಿನ ತರಗತಿಗಳ ಓದೆಲ್ಲ ಉರ್ದುವಿನಲ್ಲಿ. ನಮ್ಮ ಮುತ್ಯಾ ಕಲಿತದ್ದು ಉರ್ದು ಶಾಲೆಯಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಪೇಟೆಯಲ್ಲಿ ತೆಲುಗು, ಕಾಗದ ಬರೆಯುವುದು ಉರ್ದು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಮುತ್ಯಾನ ಕಣ್ಣು ಮಾತ್ರ ಬಲದಿಂದ ಎಡಕ್ಕೇ ಓದುತ್ತಿತ್ತು. ಅವನ ತಲೆದಿಂಬಿನ ಕೆಳಗೆ ಇರುತ್ತಿದ್ದದ್ದು ಇಬ್ನೆ ಸಫಿಯ ‘ಜಾಸೂಸಿ ದುನಿಯಾ’. 1952ರಲ್ಲಿ ಅಲಹಾಬಾದಿನಲ್ಲಿ ಶುರುವಾದ ಮಾಲೆ ಅದು. ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್ ಎಂಬ ಹೆಸರುಗಳನ್ನು ನಾನು ರಾಮಲಕ್ಷ್ಮಣರ ಹೆಸರಿಗಿಂತ ಮೊದಲು ಕೇಳಿದ್ದೆ ಎಂದರೆ ನಂಬಿ.

ಅಪ್ಪನ ಕಾಲಕ್ಕೆ ಕನ್ನಡ ಬಂತು. ಅಪ್ಪ ದಾಲ್ ಮಿಲ್ಲಿನಲ್ಲಿ ಗುಮಾಸ್ತ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯಲ್ಲಿ ಪುಸ್ತಕ ಬಾಡಿಗೆಗೆ ಸಿಗುತ್ತಿತ್ತು. ಅಪ್ಪ ಅಲ್ಲಿಂದ ತರುತ್ತಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ತೊಗರಿ ಚೀಲಗಳ ಮೇಲೆ ಕೂತು ಹಮಾಲರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಗಂಟೆ ಹೊಡೆದ ಕೂಡಲೇ ಪುಸ್ತಕ ಮುಚ್ಚುವುದು. ಒಬ್ಬ ಹಮಾಲ ಚೀಲ ಹೊತ್ತುಕೊಂಡೇ, “ಕಡೀಗಿ ಯಾರು ಕೊಂದಾರ ಅಷ್ಟರೆ ಹೇಳ್ರೀ ಸರ” ಎಂದು ಗೋಗರೆಯುತ್ತಿದ್ದನಂತೆ. ಅಪ್ಪ ಹೇಳುತ್ತಿರಲಿಲ್ಲ. ಕಡೆಗೆ ಆ ಮನುಷ್ಯ ಮಗಳ ಪಾಟಿ ಇಸಗೊಂಡು ಅಕ್ಷರ ತಿದ್ದಿದ. ಒಂದು ವರ್ಷಕ್ಕೆ ತಾನೇ ಪುಸ್ತಕ ಬಾಡಿಗೆ ತರುವ ಮಟ್ಟಕ್ಕೆ ಬಂದ. ಈಗಲೂ ಊರಲ್ಲಿದ್ದಾನೆ, ದಿನಾ ಪೇಪರು ಓದುತ್ತಾನೆ.

ಮಿತ್ರರೆ, ಸಾಕ್ಷರತೆಯ ಬಗ್ಗೆ ನಾವು ಪ್ರಬಂಧ ಬರೆದು ಬಹುಮಾನ ತೆಗೆದುಕೊಳ್ಳುತ್ತೇವೆ. ಪುರುಷೋತ್ತಮ ಆ ಕೆಲಸ ಸದ್ದಿಲ್ಲದೆ ಮಾಡಿದ.

ಬಾಡಿಗೆ ಅಂಗಡಿ ಮುಚ್ಚುವಾಗ ಅಪ್ಪ ಒಂದು ಟ್ರಂಕಿನಷ್ಟು ಪುಸ್ತಕ ಅಗ್ಗಕ್ಕೆ ಕೊಂಡುಕೊಂಡರು. ನಾನು ಕನ್ನಡ ಓದುವ ರುಚಿ ಹತ್ತಿಸಿಕೊಂಡದ್ದು ಆ ಟ್ರಂಕಿನಿಂದ. ನರಸಿಂಹಯ್ಯ, ಟಿ.ಕೆ. ರಾಮರಾವ್, ಎಚ್.ಕೆ. ಅನಂತರಾವ್, ಕೌಂಡಿನ್ಯ. ಜತೆಗೆ ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. ಅದನ್ನು ಓದಿದ ರಾತ್ರಿ ಒಬ್ಬನೇ ಹಿತ್ತಲಿಗೆ ಹೋಗಲಿಲ್ಲ.

ಆಮೇಲೆ ಬಿ.ಎ. ಸೇರಿದೆ. ಒಂದು ದಿನ ತರಗತಿಯಲ್ಲಿ ಅಧ್ಯಾಪಕರೊಬ್ಬರು, ಇತ್ತೀಚೆಗೆ ಓದಿದ ಪುಸ್ತಕದ ಹೆಸರು ಹೇಳಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದರು. ಒಬ್ಬ ‘ಸಂಸ್ಕಾರ’ ಎಂದ, ಇನ್ನೊಬ್ಬಳು ‘ಮಲೆಗಳಲ್ಲಿ ಮದುಮಗಳು’ ಎಂದಳು. ನಾನು ಇದ್ದದ್ದು ಇದ್ದ ಹಾಗೆ ಪತ್ತೇದಾರ ಪುರುಷೋತ್ತಮ ಎಂದೆ. “ಅದು ಓದಲ್ಲಪ್ಪಾ, ಹೊತ್ತುಗಳೆಯೋದು” ಎಂದರು. ತರಗತಿ ನಕ್ಕಿತು. ಅವರು ಕೆಟ್ಟವರಲ್ಲ, ಪಂಪನನ್ನು ಅವರ ಹಾಗೆ ಪಾಠ ಮಾಡಿದವರನ್ನು ನಾನು ಕಂಡಿಲ್ಲ. ಆದರೆ ಆ ನಗು ನನ್ನ ಬೆನ್ನು ಬಿಡಲಿಲ್ಲ. ಆ ವರ್ಷ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಟ್ರಂಕನ್ನು ಅಂಗಳಕ್ಕೆ ತೆಗೆದೆ, ರದ್ದಿಯವನನ್ನು ಕರೆದೆ, ತೂಕಕ್ಕೆ ಹಾಕಿಬಿಟ್ಟೆ. ಬಂದ ದುಡ್ಡಿನಲ್ಲಿ ಒಂದು ವಿಮರ್ಶೆಯ ಪುಸ್ತಕ ಕೊಂಡೆ. ಅದನ್ನು ಇನ್ನೂ ಪೂರ್ತಿ ಓದಿಲ್ಲ.

ಅಪ್ಪ ಸಂಜೆ ಬಂದವರು ಖಾಲಿ ಟ್ರಂಕು ನೋಡಿ, “ಹೋಗ್ಲಿ ಬಿಡು ತಮ್ಮಾ, ಇನ್ನ ಓದವರ್ಯಾರು” ಎಂದರು. ಅಷ್ಟೇ.

ಈಗ ವಾದಕ್ಕೆ ಬರುತ್ತೇನೆ. ಪತ್ತೇದಾರಿಯ ಮೇಲೆ ಸಾಮಾನ್ಯವಾಗಿ ಮೂರು ಆರೋಪಗಳು: ಅದರಲ್ಲಿ ಜೀವನವಿಲ್ಲ, ಅದು ಇಂಗ್ಲಿಷಿನಿಂದ ಕದ್ದ ಮಾಲು, ಅದು ಓದುಗನ ಬುದ್ಧಿಯನ್ನು ಮಂಕು ಮಾಡುತ್ತದೆ.

ಮೂರನೆಯದನ್ನು ಮೊದಲು ನೋಡೋಣ. ಗ್ರಂಥಸಂಪಾದನೆಯ ಪಾಠದಲ್ಲಿ ನಾವು ಏನು ಕಲಿಯುತ್ತೇವೆ? ನಾಲ್ಕು ಓಲೆಗರಿ ಪ್ರತಿ ಮುಂದಿಟ್ಟುಕೊಂಡು, ಯಾವುದು ಕವಿಯ ಮಾತು, ಯಾವುದು ಲಿಪಿಕಾರನ ಕೈತಪ್ಪು, ಯಾವುದು ಆಮೇಲೆ ಯಾರೋ ತುರುಕಿದ್ದು ಎಂದು ಸಾಕ್ಷ್ಯ ಹಿಡಿದು ತೀರ್ಮಾನಿಸುವುದು. ಇದು ಪತ್ತೇದಾರಿಯಲ್ಲದೆ ಮತ್ತೇನು? ಒಳ್ಳೆಯ ಪತ್ತೇದಾರಿ ಕಾದಂಬರಿ ಓದುವವನು ಮೂರನೇ ಪುಟದಲ್ಲಿ ಬಂದ ಮುರಿದ ಬಳೆಯನ್ನು ನೂರನೇ ಪುಟದವರೆಗೆ ನೆನಪಿಟ್ಟಿರುತ್ತಾನೆ. ಹೇಳುವವನ ಮಾತನ್ನೆಲ್ಲ ನಂಬಬಾರದು ಎಂದು ಅವನಿಗೆ ಗೊತ್ತು. ಅಗಾಥಾ ಕ್ರಿಸ್ಟಿ 1926ರಲ್ಲಿ ಬರೆದ ರೋಜರ್ ಆಕ್ರಾಯ್ಡ್ ಕೊಲೆಯ ಕಾದಂಬರಿಯನ್ನು ಒಮ್ಮೆ ಓದಿ. ಅಂತ್ಯ ನಾನು ಹೇಳುವುದಿಲ್ಲ, ಹೇಳಿದರೆ ಅದು ನಿಜವಾದ ಪಾಪ. ಮುಗಿಸಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಹೋಗಿ ಪ್ರತಿಯೊಂದು ವಾಕ್ಯವನ್ನೂ ಸಂಶಯದಿಂದ ನೋಡುತ್ತೀರಿ. ನವ್ಯ ವಿಮರ್ಶೆ ನಮಗೆ ಕಲಿಸಬೇಕೆಂದಿದ್ದ ನಿಕಟ ಓದು ಇದೇ ಅಲ್ಲವೆ?

ಎರಡನೆಯ ಆರೋಪದಲ್ಲಿ ಹುರುಳಿದೆ. ಒಪ್ಪಿಕೊಳ್ಳೋಣ. ನಾನು ಓದಿದವುಗಳಲ್ಲಿ ಕೆಲವು, ಲಂಡನ್ನಿನ ಮಂಜನ್ನು ಬೆಂಗಳೂರಿಗೆ ತಂದು, ಕೋಟು ಹ್ಯಾಟು ಹಾಗೇ ಉಳಿಸಿ, ಹೆಸರು ಮಾತ್ರ ಬದಲಾಯಿಸಿದವು. ಮೂಲದ ಹೆಸರು ಹೇಳದೆ ತೆಗೆದುಕೊಳ್ಳುವುದು ಕಳ್ಳತನವೇ. ಕಳ್ಳನನ್ನು ಹಿಡಿಯುವ ಕತೆಯಲ್ಲೇ ಕಳ್ಳತನ ಮಾಡಿದರೆ ಹೇಗೆ? ಆದರೆ ಒಂದು ಮಾತು. ಬಂಗಾಳಿಯಿಂದ ಕಾದಂಬರಿಗಳನ್ನು ತಂದ ಬಿ. ವೆಂಕಟಾಚಾರ್ಯರನ್ನು, ಮರಾಠಿಯಿಂದ ತಂದ ಗಳಗನಾಥರನ್ನು ನಾವು ಸಾಹಿತ್ಯ ಚರಿತ್ರೆಯಲ್ಲಿ ಗೌರವದಿಂದ ಓದುತ್ತೇವೆ. ಅವರ ಬಗ್ಗೆ ಪರೀಕ್ಷೆಯಲ್ಲಿ ನಾವು ಬರೆಯುವ ಮೊದಲ ವಾಕ್ಯ ಯಾವುದು? ‘ಕನ್ನಡಕ್ಕೆ ಓದುಗರನ್ನು ಸೃಷ್ಟಿಸಿದರು’ ಎಂಬುದು. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಶಾಲೆಯ ಓದು ಅವರಿಗೆ ಸಿಕ್ಕಿದ್ದು ಅಲ್ಪ. ಓದದೆಯೂ ಕಾವ್ಯದ ಪ್ರಯೋಗ ಬಲ್ಲವರು ಕನ್ನಡಿಗರು ಎಂಬ ಕವಿರಾಜಮಾರ್ಗದ ಅಭಿಪ್ರಾಯವನ್ನು ಹೆಮ್ಮೆಯಿಂದ ಹೇಳುವ ನಾವು, ಅಂಥವನೊಬ್ಬ ನಿಜವಾಗಿ ಎದುರು ಬಂದಾಗ ಮುಖ ತಿರುಗಿಸಿದೆವು. 2011ರಲ್ಲಿ ಅವರು ತೀರಿಕೊಂಡರು. ಅವರು ಸೃಷ್ಟಿಸಿದ ಓದುಗರ ಲೆಕ್ಕವನ್ನು ಯಾವ ಖಾತೆಗೆ ಬರೆಯೋಣ?

ಇನ್ನು ಜೀವನವಿಲ್ಲ ಎಂಬ ಆರೋಪ. ಟಿ.ಕೆ. ರಾಮರಾವ್ ರಹಸ್ಯ ಕಾದಂಬರಿಗಳನ್ನು ಬರೆದವರು; 1972ರಲ್ಲಿ ಚಲನಚಿತ್ರವಾಗಿ ಮನೆಮನೆಗೆ ತಲುಪಿದ ‘ಬಂಗಾರದ ಮನುಷ್ಯ’ವೂ ಅವರದೇ. ಒಂದೇ ಪೆನ್ನು. ಎಚ್.ಕೆ. ಅನಂತರಾವ್ ಅವರ ‘ಅಂತ’ 1981ರಲ್ಲಿ ಚಿತ್ರವಾದಾಗ ಅದರ ಹಿಂಸೆಯ ಬಗ್ಗೆ ದೊಡ್ಡ ಗದ್ದಲವಾಯಿತು. ಅಧಿಕಾರದಲ್ಲಿರುವವರೂ ಪಾತಕಿಗಳೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತಾರೆ ಎಂದು ಹೇಳಿದ ಕತೆ ಅದು. ಇದು ಜೀವನವಲ್ಲದೆ ಇನ್ನೇನು?

ತೇಜಸ್ವಿಯವರಂತೂ ಗೋಡೆಯನ್ನೇ ಕೆಡವಿದರು. ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಅನುಮಾನವಿದೆ, ತನಿಖೆಗೆ ಬಂದ ಅಂಗಡಿ ಇದ್ದಾನೆ. ಚೌಕಟ್ಟು ಪೂರ್ತಿ ಪತ್ತೇದಾರಿಯದು. ಆದರೆ ತನಿಖೆ ಮುಂದುವರಿದ ಹಾಗೆ, ಕೆಸರೂರಿನ ಜಾತಿ ಜಗಳ, ಏಲಕ್ಕಿಯ ಅವನತಿ, ಕಾಡಿನ ನಾಶ ಎಲ್ಲವೂ ಆರೋಪಿಯ ಕಟಕಟೆಗೆ ಬಂದು ನಿಲ್ಲುತ್ತವೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಕೂಡಲೇ ನಾವು ಅದನ್ನು ಪತ್ತೇದಾರಿ ಎನ್ನುವುದನ್ನು ಬಿಟ್ಟೆವು. ಇದು ನಮ್ಮ ಜಾಣತನ: ಚೆನ್ನಾಗಿದ್ದರೆ ಸಾಹಿತ್ಯ, ಇಲ್ಲದಿದ್ದರೆ ಪತ್ತೇದಾರಿ. ಈ ಅಳತೆಗೋಲು ಹಿಡಿದರೆ ಯಾವ ಪ್ರಕಾರ ತಾನೇ ಗೆದ್ದೀತು? ಕೆಟ್ಟ ನವ್ಯ ಕವಿತೆ ಓದಿ ಯಾರಾದರೂ ಕವಿತೆಯ ಜಾತಿಯನ್ನೇ ಹೊರಗೆ ಹಾಕಿದ್ದಾರೆಯೆ?

ಮತ್ತೂ ಒಂದು ಮಾತನ್ನು ಸಂಕಟದಿಂದ ಹೇಳುತ್ತೇನೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಶಾಸನ, ವಚನಗಳ ಸಾಕ್ಷ್ಯ ಹಿಡಿದು ಬದುಕಿಡೀ ‘ಯಾರು, ಯಾವಾಗ, ಯಾಕೆ’ ಎಂದು ಕೇಳಿದ ಸಂಶೋಧಕರು ಅವರು. ಅವರ ಸಾವಿನ ಬಗ್ಗೆ ಅದೇ ಪ್ರಶ್ನೆಗಳನ್ನು ಕನ್ನಡನಾಡು ವರ್ಷಗಟ್ಟಲೆ ಕೇಳಬೇಕಾಯಿತು. ಕೊಂದವರು ಯಾರು ಎಂಬುದು ಅಗ್ಗದ ಕಾಗದದ ಮೇಲಿನ ಆಟದ ಪ್ರಶ್ನೆ ಮಾತ್ರವಲ್ಲ, ನಾಗರಿಕನ ಪ್ರಶ್ನೆ ಎಂದು ನನಗೆ ಅರಿವಾದದ್ದು ಅದನ್ನೆಲ್ಲ ಓದಿದಾಗ.

ಬೇರೆ ಭಾಷೆಯವರು ತಮ್ಮ ಪತ್ತೇದಾರರನ್ನು ಹೇಗೆ ನೋಡಿಕೊಂಡರು? ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯ 1932ರಲ್ಲಿ ಬ್ಯೋಮಕೇಶನನ್ನು ಸೃಷ್ಟಿಸಿದರು. ಅದಕ್ಕಾಗಿ ಅವರನ್ನು ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲ. ಸತ್ಯಜಿತ್ ರೇ ಅಂಥವರು 1965ರಿಂದ ಫೆಲೂದಾ ಕತೆ ಬರೆದರು. ಇಟಲಿಯ ಉಂಬರ್ತೊ ಇಕೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಸಂಕೇತಶಾಸ್ತ್ರದ ದೊಡ್ಡ ವಿದ್ವಾಂಸರು. 1980ರಲ್ಲಿ ಬರೆದ ಮೊದಲ ಕಾದಂಬರಿಯೇ ಮಠವೊಂದರಲ್ಲಿ ನಡೆಯುವ ಕೊಲೆಗಳದು. ನನ್ನನ್ನು ಹೆಚ್ಚು ತಟ್ಟಿದ್ದು ಮಾತ್ರ ಉರ್ದುವಿನ ಉದಾಹರಣೆ. ಉರ್ದು ವಿಮರ್ಶೆಯಲ್ಲಿ ಶಮ್ಸುರ್ ರಹಮಾನ್ ಫಾರೂಖಿಯವರದು ಎಷ್ಟು ದೊಡ್ಡ ಹೆಸರು ಎಂದು ಬಲ್ಲವರು ಬಲ್ಲರು. ಮೀರ್ ತಖಿ ಮೀರನ ಮೇಲೆ ಸಂಪುಟಗಟ್ಟಲೆ ಬರೆದವರು. ಅದೇ ಫಾರೂಖಿಯವರು ಇಬ್ನೆ ಸಫಿಯ ನಾಲ್ಕು ಕಾದಂಬರಿಗಳನ್ನು ಸ್ವತಃ ಇಂಗ್ಲಿಷಿಗೆ ಅನುವಾದಿಸಿದರು. 2011ರಲ್ಲಿ ಚೆನ್ನೈನ ಪ್ರಕಾಶನವೊಂದು ಪ್ರಕಟಿಸಿತು. ನಮ್ಮ ಮುತ್ಯಾನ ತಲೆದಿಂಬಿನ ಕೆಳಗಿನ ಪುಸ್ತಕ! ಆ ಪುಸ್ತಕವನ್ನು ಉರ್ದು ಗೆಳೆಯ ನನ್ನ ಕೈಗಿಟ್ಟ ದಿನ, ರದ್ದಿಯವನ ತಕ್ಕಡಿ ಕಣ್ಣ ಮುಂದೆ ಬಂತು.

ಹಾಗಾದರೆ ನಮ್ಮ ಪತ್ತೇದಾರಿಗಳೆಲ್ಲ ಶ್ರೇಷ್ಠವೆ? ಅಲ್ಲ. ಕುರುಡು ಅಭಿಮಾನ ಬೇಡ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಹಾಕಿದ. ಅಪರಾಧಿ ಕತೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ದೈವಬಲ, ಅಕಸ್ಮಾತ್ತು ಪತ್ತೇದಾರನ ನೆರವಿಗೆ ಬರಬಾರದು. ಒಟ್ಟಿನಲ್ಲಿ ಓದುಗನಿಗೆ ಮೋಸವಾಗಬಾರದು. ಈ ಕಟ್ಟಳೆ ಹಿಡಿದು ನೋಡಿದರೆ ನಮ್ಮ ಎಷ್ಟೋ ಕಾದಂಬರಿಗಳು ನಪಾಸು. ಕಡೇ ಪುಟದಲ್ಲಿ ಎಲ್ಲಿಂದಲೋ ಒಬ್ಬ ಅವಳಿ ಸೋದರ ಉದುರುತ್ತಾನೆ. ಹೆಂಗಸು ಒಂದೋ ಹೆಣವಾಗಿರುತ್ತಾಳೆ, ಇಲ್ಲವೇ ಸಿಗರೇಟು ಸೇದುವ ಮಾಯಾಂಗನೆಯಾಗಿರುತ್ತಾಳೆ. ಯೋಚಿಸುವ ಹೆಂಗಸು ಅಪರೂಪ. ಎಲ್ಲಕ್ಕಿಂತ ದೊಡ್ಡ ಕೊರತೆ, ನಮ್ಮ ಪೊಲೀಸ್ ಠಾಣೆಯೇ ಅದರಲ್ಲಿಲ್ಲ. ದೂರು ಬರೆಸಲು ಹೋದ ಬಡವ ಬೆಂಚಿನ ಮೇಲೆ ಎಷ್ಟು ಹೊತ್ತು ಕೂರುತ್ತಾನೆ, ಪಂಚನಾಮೆಗೆ ಯಾರು ಸಹಿ ಹಾಕುತ್ತಾರೆ, ಸಾಕ್ಷಿ ಯಾಕೆ ತಿರುಗಿ ಬೀಳುತ್ತಾನೆ, ಇದ್ಯಾವುದೂ ಪುರುಷೋತ್ತಮನಿಗೆ ತೊಡಕಾಗುವುದಿಲ್ಲ.

ಆದರೆ ಇಂಥ ಮಾತು ಹೇಳಬೇಕಾದ್ದು ಓದಿದ ಮೇಲೆ. ಓದದೆ ನಗುವುದು ವಿಮರ್ಶೆಯಲ್ಲ. ವಿಮರ್ಶಕರು ಈ ಕಡೆ ತಿರುಗಿ ನೋಡಿ, ‘ಇಲ್ಲಿ ಮೋಸ ಮಾಡಿದಿ, ಇಲ್ಲಿ ಚೆನ್ನಾಗಿ ಬರೆದಿ’ ಎಂದು ಹೇಳುತ್ತಿದ್ದರೆ ಬರೆಯುವವನೂ ತಿದ್ದಿಕೊಳ್ಳುತ್ತಿದ್ದನೇನೋ. ಹೊಗಳಿಕೆಯೂ ಇಲ್ಲದೆ ಬೈಗುಳವೂ ಇಲ್ಲದೆ ಬೆಳೆದ ಹುಡುಗ ಹೇಗೆ ತಾನೇ ತಿದ್ದಿಕೊಂಡಾನು?

ಗಚ್ಚಿಬೌಲಿಯಲ್ಲಿ ಕೂತು ನೋಡಿದರೆ ಬರೆಯುವುದಕ್ಕೆ ಎಷ್ಟೊಂದಿದೆ ಅನ್ನಿಸುತ್ತದೆ. ನಮ್ಮ ಆವರಣದೊಳಗೆ ಬಂಡೆ, ಕೆರೆ, ನವಿಲು. ಗೇಟು ದಾಟಿದರೆ ಗಾಜಿನ ಕಟ್ಟಡಗಳು, ಆ ಕಟ್ಟಡಗಳಲ್ಲಿ ಕಲಬುರ್ಗಿ, ಬೀದರ್, ರಾಯಚೂರಿನ ಹುಡುಗ ಹುಡುಗಿಯರು. ಬಂಡೆ ಒಡೆದದ್ದು ಯಾರು, ಜಮೀನು ಯಾರದಿತ್ತು, ಈಗ ಯಾರದು, ಒಂದೊಂದು ಸರ್ವೆ ನಂಬರಿನ ಕೆಳಗೂ ಒಂದು ಕತೆ. ಇದೇ ಹೈದರಾಬಾದಿನಲ್ಲಿ 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗರಾಜು, ಲೆಕ್ಕದಲ್ಲಿ ಸುಮಾರು 7,000 ಕೋಟಿ ರೂಪಾಯಿಯ ಸುಳ್ಳಿದೆ ಎಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. 2015ರಲ್ಲಿ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. ಚಾಕುವಿಲ್ಲ, ರಕ್ತವಿಲ್ಲ, ಬೆರಳಚ್ಚಿಲ್ಲ. ಇಂಥ ಅಪರಾಧದ ಮುಂದೆ ನಮ್ಮ ಪುರುಷೋತ್ತಮ ಭೂತಗನ್ನಡಿ ಹಿಡಿದು ಏನು ಮಾಡಿಯಾನು? ಇದಕ್ಕೆ ಹೊಸ ಪತ್ತೇದಾರ ಬೇಕು. ಲೆಕ್ಕಪತ್ರ ಓದಬಲ್ಲ, ಉರ್ದು ದಸ್ತಾವೇಜು ಬಿಡಿಸಬಲ್ಲ, ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ಕನಸು ಕಾಣುವ ಪತ್ತೇದಾರ. ಅಥವಾ ಪತ್ತೇದಾರಿಣಿಯೇ ಯಾಕಾಗಬಾರದು? ನಿಮ್ಮಲ್ಲೇ ಯಾರಾದರೂ ಬರೆಯಿರಿ.

ಹೋದ ಬೇಸಿಗೆಯಲ್ಲಿ ಅಪ್ಪನ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಹೊಸ ಕನ್ನಡಕ ಬಂದ ದಿನ ಫೋನ್ ಮಾಡಿದ್ದರು. “ಈಗ ಛಲೋ ಕಾಣ್ತದೋ. ಏನರೆ ಓದಬೇಕನಸ್ತದ. ಆ ಪುರುಷೋತ್ತಮಂದು ಒಂದರೆ ಎಲ್ಲಿರೆ ಉಳದದೇನು ನೋಡು” ಎಂದರು. ಪುಸ್ತಕಗಳನ್ನು ರದ್ದಿಗೆ ಹಾಕಿದವನು ನಾನೇ ಎಂದು ಅವರಿಗೆ ಗೊತ್ತು. ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ಹಗುರವಾಗುತ್ತಿತ್ತು.

ಅಂದಿನಿಂದ ಬಿಡುವಾದ ಭಾನುವಾರಗಳಲ್ಲಿ ಅಬಿಡ್ಸ್‌ನ ಫುಟ್‌ಪಾತಿನ ಹಳೇ ಪುಸ್ತಕದ ಸಾಲಿನಲ್ಲಿ ಹುಡುಕುತ್ತಿದ್ದೇನೆ. ಇಬ್ನೆ ಸಫಿ ಸಿಕ್ಕ, ಹಳೇ ತೆಲುಗು ಡಿಟೆಕ್ಟಿವ್ ಸಿಕ್ಕವು. ಪುರುಷೋತ್ತಮ ಸಿಕ್ಕಿಲ್ಲ. ಅಂಗಡಿಯವನೊಬ್ಬ, “ಕನ್ನಡ ತೂಕಕ್ಕೂ ಬರುವುದಿಲ್ಲ ಸಾಬ್” ಎಂದ.

ಮಿತ್ರರೆ, ನನ್ನ ಕೋರಿಕೆ ಸಣ್ಣದು. ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ, ಅಜ್ಜಿಯ ಪೆಟ್ಟಿಗೆ ನೋಡಿ, ಮುಚ್ಚಿದ ಬಾಡಿಗೆ ಲೈಬ್ರರಿಯವರನ್ನು ಮಾತಾಡಿಸಿ. ಹಾಳೆ ಹಳದಿಯಾಗಿದ್ದರೂ, ರಟ್ಟು ಹರಿದಿದ್ದರೂ ಸರಿಯೆ, ಸಿಕ್ಕದ್ದನ್ನು ಸಂಘದ ಕಪಾಟಿಗೆ ತನ್ನಿ. ಹೆಸರು, ಪ್ರಕಾಶಕರು, ವರ್ಷ, ಬೆಲೆ ಬರೆದು ಒಂದು ಪಟ್ಟಿ ಮಾಡೋಣ. ಓದಿ, ಬೈಯಬೇಕಾದ್ದನ್ನು ಬೈಯೋಣ, ಉಳಿಸಬೇಕಾದ್ದನ್ನು ಉಳಿಸೋಣ. ನನ್ನ ವಾದ ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಧಾರಾಳವಾಗಿ ಖಂಡಿಸಿ ಬರೆಯಿರಿ, ಉತ್ತರ ಕೊಡುತ್ತೇನೆ.

ಪುರುಷೋತ್ತಮನ ಒಂದು ಪ್ರತಿ ಎರಡು ಇದ್ದವರು ಮಾತ್ರ ದಯವಿಟ್ಟು ಮೊದಲು ನನಗೆ ತಿಳಿಸಿ. ಸೇಡಂನಲ್ಲಿ ಹೊಸ ಕನ್ನಡಕ ಹಾಕಿಕೊಂಡು ಒಬ್ಬರು ಕಾಯುತ್ತಿದ್ದಾರೆ.